ಜೇಬಿಗೆ ಮಡಚುಚಾಕು ಕೊಳ್ಳುವಾಗ ಮೊದಲು ಅಲಗಿನ ದಪ್ಪ ನೋಡಿ

ಮಡಚುಚಾಕು ಕೊಳ್ಳಲು ಹೊರಟವರು ಮೊದಲು ಕೇಳುವುದು ಸ್ಟೀಲ್ ಯಾವುದು ಅಂತ, ಆಮೇಲೆ ಲಾಕ್ ಎಷ್ಟು ಗಟ್ಟಿ ಅಂತ. ಅಲಗು ಬಾಯಿಯ ಹತ್ತಿರ ಎಷ್ಟು ತೆಳ್ಳಗಿದೆ ಅಂತ ಕೇಳುವವರು ಕಡಿಮೆ. ಆದರೆ ದಿನವೂ ಜೇಬಿನಲ್ಲಿರುವ ಚಾಕು ಮಾಡುವ ಕೆಲಸಗಳನ್ನೇ ನೋಡಿ: ರಟ್ಟಿನ ಪೆಟ್ಟಿಗೆ ಬಿಚ್ಚುವುದು, ಟೇಪು ಸೀಳುವುದು, ದಾರ ಕತ್ತರಿಸುವುದು, ಪ್ಲಾಸ್ಟಿಕ್ ಪಟ್ಟಿ ತೆಗೆಯುವುದು, ಹಣ್ಣು ಹೆಚ್ಚುವುದು, ಪೆನ್ಸಿಲ್ ಹೆರೆಯುವುದು. ಇದರಲ್ಲಿ ಒಂದಕ್ಕೂ 4 ಮಿ.ಮೀ. ದಪ್ಪದ ಅಲಗು ಬೇಡ. ಬೇಕಾಗಿರುವುದು ತೆಳು ಅಲಗು.

ಕಾರಣ ಸರಳ. ಬಾಯಿ ಕತ್ತರಿಸುವುದು ಮೊದಲ ಪದರವನ್ನು ಮಾತ್ರ. ಅದರ ಹಿಂದೆ ಬರುವ ಲೋಹ ಬೆಣೆಯ ಹಾಗೆ ಆ ಸೀಳಿನೊಳಗೆ ತೂರಿಕೊಂಡು ಹೋಗಬೇಕು. ಬೆಣೆ ದಪ್ಪವಾದರೆ ರಟ್ಟಿನಲ್ಲಿ ಅಲಗು ಸಿಕ್ಕಿಕೊಳ್ಳುತ್ತದೆ, ಸೇಬು ಹೋಳಾಗುವ ಬದಲು ಟಪ್ಪೆಂದು ಬಿರಿಯುತ್ತದೆ. ಮುಂಗೈ ಕೂದಲು ಬೋಳಿಸುವಷ್ಟು ಹರಿತವಿದ್ದರೂ ಇದು ತಪ್ಪುವುದಿಲ್ಲ. ಸಿಕ್ಕಿಕೊಂಡಾಗ ನಾವು ಜೋರು ಹಾಕುತ್ತೇವೆ, ಕೈ ಜಾರುವುದೂ ಆಗಲೇ.

ವರ್ನಿಯರ್ ಕ್ಯಾಲಿಪರ್ ಇದ್ದರೆ ಮಸೆದ ಪಟ್ಟಿ ಮುಗಿಯುವ ಜಾಗದಲ್ಲಿ, ಅಂದರೆ ಬಾಯಿಗಿಂತ ಸ್ವಲ್ಪ ಮೇಲೆ ಅಳೆಯಿರಿ. 0.3ರಿಂದ 0.5 ಮಿ.ಮೀ. ಒಳಗಿದ್ದರೆ ಒಳ್ಳೆಯದು. 0.7 ದಾಟಿದರೆ ನಾನು ಬೇಡ ಅನ್ನುತ್ತೇನೆ. ಬೆನ್ನಿನ ಹತ್ತಿರ 2ರಿಂದ 3 ಮಿ.ಮೀ. ಧಾರಾಳವಾಯಿತು. ಕ್ಯಾಲಿಪರ್ ಇಲ್ಲದಿದ್ದರೆ ಮಸೆದ ಪಟ್ಟಿಯ ಅಗಲ ನೋಡಿ. ಅಲಗನ್ನು ಬೆಳಕಿಗೆ ವಾಲಿಸಿದರೆ ಬಾಯಿಯುದ್ದಕ್ಕೂ ಮಿನುಗುವ ಸಣ್ಣ ಗೆರೆಯೇ ಅದು. ಪ್ರತಿ ಬದಿಗೆ 20 ಡಿಗ್ರಿಯಲ್ಲಿ ಮಸೆದ ಅಲಗಾದರೆ ಅರ್ಧ ಮಿ.ಮೀ. ಆಸುಪಾಸಿನ ಪಟ್ಟಿ ಎಂದರೆ ತೆಳು ಅಲಗು, 1 ಮಿ.ಮೀ. ದಾಟಿದ್ದರೆ ಅದರ ಹಿಂದೆ ಲೋಹ ಹೆಚ್ಚಿದೆ ಎಂದೇ ಅರ್ಥ. ಪಟ್ಟಿ ಬುಡದಿಂದ ಮೊನೆಯವರೆಗೆ ಒಂದೇ ಅಗಲ ಇದೆಯೇ ಅಂತಲೂ ನೋಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದರೆ ಮೊದಲ ಸಲ ಮಸೆಯುವಾಗಲೇ ಬೇಸರ ಬರುತ್ತದೆ.

ಬೆನ್ನಿನಿಂದ ಬಾಯಿವರೆಗೆ ಒಂದೇ ಸಮನೆ ಇಳಿಯುವ ಅಲಗು ಎಲ್ಲ ಕೆಲಸಕ್ಕೂ ಹೊಂದುತ್ತದೆ. ಅರ್ಧ ಎತ್ತರದವರೆಗೆ ಪೂರ್ತಿ ದಪ್ಪವಿದ್ದು ಅಲ್ಲಿಂದ ಇಳಿಯುವ ಅಲಗು ನೋಡಲು ಗಟ್ಟಿಮುಟ್ಟು, ಆಳದ ಕೊಯ್ತಕ್ಕೆ ಮಾತ್ರ ಒರಟು. ಮೊನೆಯ ವಿಷಯದಲ್ಲಿ, ಬೆನ್ನು ಮೆಲ್ಲಗೆ ಬಾಗಿ ಬಾಯಿಗೆ ಸೇರುವ ಆಕಾರ ಮೊದಲ ಚಾಕುವಿಗೆ ಸಾಕು. ದಿನವಿಡೀ ಪೆಟ್ಟಿಗೆ ಬಿಚ್ಚುವವರಿಗೆ ನೇರ ಬಾಯಿಯ ಅಲಗು ಇನ್ನೂ ಅನುಕೂಲ. ಗರಗಸದಂಥ ಹಲ್ಲಿನ ಬಾಯಿ ಹಗ್ಗ, ಬೆಲ್ಟು ಕತ್ತರಿಸಲು ಚೆನ್ನ. ಆದರೆ ಅದನ್ನು ಮಸೆಯಲು ಚಪ್ಪಟೆ ಕಲ್ಲು ಬರುವುದಿಲ್ಲ, ಸಪೂರ ಸೆರಾಮಿಕ್ ಕಡ್ಡಿ ಬೇಕು.

ಉದ್ದ 7ರಿಂದ 8 ಸೆಂ.ಮೀ. ಇದ್ದರೆ ಮೇಲೆ ಹೇಳಿದ ಕೆಲಸ ಎಲ್ಲವೂ ನಡೆಯುತ್ತದೆ. ಕೊಳ್ಳುವ ಮೊದಲು ನೀವಿರುವ ಜಾಗದ ಕಾನೂನು ಓದಿಕೊಳ್ಳಿ. ಅಲಗಿನ ಉದ್ದ, ಲಾಕ್ ಇದೆಯೋ ಇಲ್ಲವೋ, ಒಂದೇ ಕೈಯಲ್ಲಿ ತೆರೆಯುತ್ತದೋ ಎಂಬ ಮೂರರ ಮೇಲೆ ದೇಶದಿಂದ ದೇಶಕ್ಕೆ ನಿಯಮ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಲಾಕ್ ಇಲ್ಲದ, 3 ಇಂಚು ಮೀರದ ಬಾಯಿಯ ಮಡಚುಚಾಕುವನ್ನು ಕಾರಣ ಕೊಡದೆ ಜೇಬಿನಲ್ಲಿಟ್ಟುಕೊಳ್ಳಬಹುದು. ಅದೇ ಅಳತೆಯ ಚಾಕುವಿಗೆ ಲಾಕ್ ಇದ್ದರೆ ಸಕಾರಣ ತೋರಿಸಬೇಕು. ವಿಮಾನ ಹತ್ತುವ ದಿನ ಅದು ಕೈಚೀಲದಲ್ಲಿ ಇರಬಾರದು, ಚೆಕ್-ಇನ್ ಸಾಮಾನಿನಲ್ಲಿರಬೇಕು.

ಇನ್ನು ಲಾಕ್. ಲಾಕ್ ಇಲ್ಲದ ಚಾಕು ಎಂದರೆ ಅಪಾಯ ಎಂಬ ಭಾವನೆ ಇದೆ, ನಾನು ಒಪ್ಪುವುದಿಲ್ಲ. ಅಂಥ ಚಾಕುವಿನಲ್ಲಿ ಬೆನ್ನಿನ ಕಡೆಯ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಬಾಯಿಯ ಕಡೆಯಿಂದ ಒತ್ತಿ ಕೊಯ್ಯುತ್ತಿರುವಷ್ಟು ಹೊತ್ತು ಅದು ಮಡಚಿಕೊಳ್ಳುವ ಪ್ರಶ್ನೆಯೇ ಇಲ್ಲ. ಮೊನೆಯಿಂದ ಚುಚ್ಚಿದರೆ, ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಎಳೆದರೆ ಮಡಚಿಕೊಳ್ಳುತ್ತದೆ. ಸ್ವಿಸ್ ಸೈನ್ಯಕ್ಕೆ 1891ರಿಂದ ಚಾಕು ಒದಗಿಸಿದ ಕಾರ್ಲ್ ಎಲ್ಸೆನರ್ ಅವರ ಕಂಪನಿ, ಈಗಿನ ವಿಕ್ಟೋರಿನಾಕ್ಸ್, ಇಂದಿಗೂ ತನ್ನ ಹೆಚ್ಚಿನ ಚಾಕುಗಳನ್ನು ಹೀಗೆಯೇ ಮಾಡುತ್ತದೆ. ಅವುಗಳ ಅಲಗೂ ತೆಳು.

ಲಾಕ್ ಬೇಕೆಂದರೆ ಮುಖ್ಯವಾಗಿ ಐದು ಬಗೆ. ಹಿಡಿಯೊಳಗಿನ ಲೋಹದ ಪಟ್ಟಿ ಪಕ್ಕಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಆನುವುದು ಲೈನರ್ ಲಾಕ್. ಹಿಡಿಯ ಒಂದು ಬದಿಯೇ ಆ ಕೆಲಸ ಮಾಡಿದರೆ ಫ್ರೇಮ್ ಲಾಕ್. ಬೆನ್ನಿನಲ್ಲಿ ಒತ್ತಿ ಬಿಡಿಸುವಂಥದ್ದು ಬ್ಯಾಕ್ ಲಾಕ್. ಸ್ಪ್ರಿಂಗ್ ಬಲದ ಅಡ್ಡಕಡ್ಡಿಯೊಂದು ಬುಡದ ಮೇಲೆ ಕೂರುವ ಅಡ್ಡಕಡ್ಡಿ ಲಾಕ್ ನಾಲ್ಕನೆಯದು. ಮರದ ಹಿಡಿಯ ಫ್ರೆಂಚ್ ಚಾಕು ಒಪಿನೆಲ್‌ನಲ್ಲಿ 1955ರಿಂದ ಇರುವ ತಿರುಗುವ ಉಂಗುರ ಐದನೆಯದು, ಎಲ್ಲಕ್ಕಿಂತ ಸರಳ. ಲೈನರ್ ಮತ್ತು ಫ್ರೇಮ್ ಲಾಕ್ ಮುಚ್ಚುವಾಗ ಹೆಬ್ಬೆರಳು ಅಲಗು ಬೀಳುವ ದಾರಿಯಲ್ಲೇ ಇರುತ್ತದೆ. ಪಟ್ಟಿಯನ್ನು ಸರಿಸಿ, ಅಲಗನ್ನು ಒಂದು ಸೆಂಟಿಮೀಟರ್ ಇಳಿಸಿ, ಹೆಬ್ಬೆರಳು ತೆಗೆದ ಮೇಲೆಯೇ ಪೂರ್ತಿ ಮುಚ್ಚಬೇಕು. ಅಡ್ಡಕಡ್ಡಿ ಲಾಕ್‌ನಲ್ಲಿ ಈ ಪೇಚಾಟ ಇಲ್ಲ, ಎಡಗೈಯವರಿಗೂ ಅದು ಅಷ್ಟೇ ಸಲೀಸು. ಲೈನರ್ ಲಾಕ್ ಬಹುಪಾಲು ಬಲಗೈಗೆಂದೇ ಮಾಡಿದ್ದು.

ಚಾಕು ಕೈಗೆ ಬಂದಾಗ ಮೊದಲು ಅಲಗು ತೆರೆದು ಲೈನರ್ ಎಲ್ಲಿ ಕೂತಿದೆ ನೋಡಿ. ಬುಡದ ಅಗಲದಲ್ಲಿ 30ರಿಂದ 50 ಪ್ರತಿಶತ ಆವರಿಸಿದ್ದರೆ ಸರಿ. ಬರೀ ಅಂಚಿಗೆ ತಾಗಿ ನಿಂತಿದ್ದರೆ ಜಾರಬಹುದು. ಹೊಸ ಚಾಕುವಿನಲ್ಲೇ ಆಚೆ ಬದಿ ಮುಟ್ಟಿದ್ದರೆ ಸವೆಯಲು ಜಾಗ ಉಳಿದಿಲ್ಲ. ಆಮೇಲೆ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಅಲ್ಲಾಡಿಸಿ. ಎಡಕ್ಕೆ ಬಲಕ್ಕೆ ಅಲ್ಲಾಡಿದರೆ ಗಾಬರಿ ಬೇಡ, ಅಲಗು ತಿರುಗುವ ಕೀಲಿನ ಸ್ಕ್ರೂ, ಅಂದರೆ ಪಿವಟ್ ಸ್ಕ್ರೂ, ಬಿಗಿ ಮಾಡಿದರೆ ಹೋಗುತ್ತದೆ. ಮೇಲೆ ಕೆಳಗೆ ಅಲ್ಲಾಡಿದರೆ ಅದು ಲಾಕ್ ಮತ್ತು ಬುಡ ಸರಿಯಾಗಿ ಕೂಡದ ದೋಷ, ಯಾವ ಸ್ಕ್ರೂಗೂ ಬಗ್ಗುವುದಿಲ್ಲ. ಚಾಕು ವಾಪಸ್ ಮಾಡಿ. ಕೊನೆಗೆ ಬೆರಳುಗಳನ್ನೆಲ್ಲ ಅಲಗಿನ ದಾರಿಯಿಂದ ಹೊರಗಿಟ್ಟು, ಅಲಗಿನ ಬೆನ್ನನ್ನು ಮರದ ತುಂಡಿನ ಮೇಲೆ ಮೆಲ್ಲಗೆ ಒತ್ತುತ್ತ ಒತ್ತಡ ಹೆಚ್ಚಿಸಿ. ಲಾಕ್ ಸರಿಯಬಾರದು. ಬೆನ್ನನ್ನು ಮೇಜಿಗೆ ಪಟಪಟ ಬಡಿದು ನೋಡುವ ಅಭ್ಯಾಸ ಕೆಲವರಿಗಿದೆ. ಅದರಿಂದ ಒಳ್ಳೆಯ ಲಾಕೂ ಹಾಳಾಗುತ್ತದೆ.

ಸ್ಟೀಲಿಗೆ ಕೊಡುವ ಮಹತ್ವ ಅತಿಯಾಯಿತು ಅನ್ನುವುದು ನನ್ನ ದೃಢ ಅಭಿಪ್ರಾಯ. ನಿಜವಾಗಿ ಕೇಳಿಕೊಳ್ಳಬೇಕಾದದ್ದು ನೀವೇ ಮಸೆಯುತ್ತೀರಾ, ಚಾಕು ಒದ್ದೆಯಾಗುತ್ತದೆಯೇ ಎಂಬ ಎರಡೇ. ವಿಕ್ಟೋರಿನಾಕ್ಸಿನ ಸ್ಟೀಲ್ ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56, ಅಂದರೆ ಮೆದು. ಬೇಗ ಮೊಂಡಾಗುತ್ತದೆ, ಆದರೆ ಐದು ನಿಮಿಷದಲ್ಲಿ ಹರಿತವಾಗುತ್ತದೆ. 14ಸಿ28ಎನ್ ಎಂಬ ಸ್ಟೀಲ್ ನನಗೆ ತುಂಬ ಇಷ್ಟದ ನಡುದಾರಿ: ತುಕ್ಕು ಹಿಡಿಯುವುದು ಕಡಿಮೆ, ಬಾಯಿ ಸಣ್ಣಗೆ ಮಸೆಯಲು ಬರುತ್ತದೆ, ಸಾಮಾನ್ಯ ಕಲ್ಲಿಗೇ ಬಗ್ಗುತ್ತದೆ. ಎಸ್30ವಿ ಥರದ ಸ್ಟೀಲುಗಳು ರಟ್ಟು ಕೊಯ್ಯುವಾಗ ಬಹಳ ಹೊತ್ತು ಬಾಯಿ ಉಳಿಸಿಕೊಳ್ಳುತ್ತವೆ. ಅವುಗಳಲ್ಲಿರುವ ವನೇಡಿಯಂ ಕಾರ್ಬೈಡ್, ಅಂದರೆ ವನೇಡಿಯಂ ಮತ್ತು ಕಾರ್ಬನ್ ಸೇರಿದ ಗಟ್ಟಿ ಕಣ, ಸಾಮಾನ್ಯ ಮಸೆಗಲ್ಲಿಗಿಂತ ಗಟ್ಟಿಯಾದ್ದರಿಂದ ಡೈಮಂಡ್ ಕಲ್ಲು ಇದ್ದರೆ ಒಳ್ಳೆಯದು. ಡಿ2 ಸ್ಟೀಲಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು 12 ಪ್ರತಿಶತ ಇದೆ ಅಂತ ನಂಬಿ ಬೆವರಿನ ಜೇಬಿನಲ್ಲಿ ಬಿಡಬೇಡಿ. 1.5 ಪ್ರತಿಶತದಷ್ಟಿರುವ ಕಾರ್ಬನ್ ಆ ಕ್ರೋಮಿಯಂನಲ್ಲಿ ಸಾಕಷ್ಟನ್ನು ಕಾರ್ಬೈಡಾಗಿ ಕಟ್ಟಿಹಾಕುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಚುಕ್ಕೆ ಚುಕ್ಕೆ ತುಕ್ಕು ಕಾಣಿಸಿಕೊಳ್ಳುತ್ತದೆ. ಕಾರ್ಬನ್ ಸ್ಟೀಲ್ ಹುಳಿಹಣ್ಣು ಕೊಯ್ದರೆ ಬೂದುಬಣ್ಣಕ್ಕೆ ತಿರುಗುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯುವ ಅಗತ್ಯವಿಲ್ಲ. ಕೆಂಪು ಬಣ್ಣ ಕಂಡರೆ ಮಾತ್ರ ತೆಗೆಯಬೇಕು.

ಬಾಯಿಯ ಬುಡದಲ್ಲಿ ಸಣ್ಣ ಕಚ್ಚು ಇದೆಯೇ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅದು ಇಲ್ಲದೆ ಬಾಯಿ ನೇರವಾಗಿ ದಪ್ಪ ಬುಡಕ್ಕೆ ಹೋಗಿ ಸೇರಿದ್ದರೆ ಕೊನೆಯ ಎರಡು ಮೂರು ಮಿ.ಮೀ. ಕಲ್ಲಿಗೆ ತಾಗುವುದಿಲ್ಲ. ಹತ್ತಾರು ಸಲ ಮಸೆದ ಮೇಲೆ ಅಲ್ಲಿ ಗಂಟೊಂದು ಉಳಿದು, ದಾರ ಅದಕ್ಕೆ ಸಿಕ್ಕಿಕೊಳ್ಳಲು ಶುರುವಾಗುತ್ತದೆ.

ಜೇಬಿನಲ್ಲಿ ಭಾರ ಎನ್ನಿಸಿದ ಚಾಕು ಒಂದು ವಾರದಲ್ಲಿ ಮೇಜಿನ ಡ್ರಾಯರ್ ಸೇರುತ್ತದೆ. 100 ಗ್ರಾಂ ನನ್ನ ಪ್ರಕಾರ ಮೇಲಿನ ಮಿತಿ. ಒಪಿನೆಲ್ 8ನೇ ನಂಬರಿನದು 8.5 ಸೆಂ.ಮೀ. ಅಲಗಿದ್ದರೂ 50 ಗ್ರಾಂ ಮುಟ್ಟುವುದಿಲ್ಲ. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ಇದ್ದರೆ ಅದರ ಕೆಳಗಿನ ಹಿಡಿ ನುಣ್ಣಗಿರಬೇಕು. ಅಲ್ಲಿ ಒರಟು ಜಿ10 (ಗಾಜಿನ ನಾರು ಮತ್ತು ರಾಳದ ಗಟ್ಟಿ ಹಲಗೆ) ಇದ್ದರೆ ಪ್ಯಾಂಟಿನ ಜೇಬಿನ ಅಂಚು ಕೆಲವೇ ತಿಂಗಳಲ್ಲಿ ಸವೆದು ದಾರ ಬಿಡುತ್ತದೆ. ತೆರೆದ ಚಾಕುವನ್ನು ಬಿಗಿಯಾಗಿ ಹಿಡಿದು ನೋಡಿದಾಗ ಕ್ಲಿಪ್ ಅಂಗೈಗೆ ಚುಚ್ಚಬಾರದು, ನಾಲ್ಕೂ ಬೆರಳು ಹಿಡಿಯ ಮೇಲೆ ಕೂರಬೇಕು. ಮುಚ್ಚಿದ ಚಾಕುವನ್ನು ಮೊನೆ ಕೆಳಮುಖವಾಗುವಂತೆ ಹಿಡಿದು ಒಮ್ಮೆ ಜೋರಾಗಿ ಕೊಡವಿ. ಅಲಗು ಅಷ್ಟಕ್ಕೇ ಹೊರಬಂದರೆ ಅದನ್ನು ಜೇಬಿಗೆ ಹಾಕಬೇಡಿ. ಇದನ್ನು ಮೆತ್ತನೆಯ ಬಟ್ಟೆಯ ಮೇಲೆ, ಕಾಲು ದೂರವಿಟ್ಟು ಮಾಡಿ.

ಮರದ ಹಿಡಿ ನೀರು ಕುಡಿದು ಉಬ್ಬುತ್ತದೆ, ಆಗ ಒಪಿನೆಲ್ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಉಂಗುರ ತೆರೆದ ಸ್ಥಾನಕ್ಕೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಒಮ್ಮೆ ಕುಟ್ಟಿದರೆ ಬೆರಳಿಗೆ ಸಿಗುವಷ್ಟು ಅಲಗು ಹೊರಬರುತ್ತದೆ. ಬಿಸಿಲಿಗೆ ಇಟ್ಟು ಒಣಗಿಸಿದರೆ ಮರ ಸೀಳುತ್ತದೆ. ನೆರಳಲ್ಲಿ ಒಂದೆರಡು ದಿನ ಬಿಡಿ.

ಮಸೆಯಲು 1000 ಗ್ರಿಟ್ಟಿನ ಒಂದು ಕಲ್ಲು ಸಾಕು. ಬಾಯಿಯ ಪಟ್ಟಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಎರಡು ಸಲ ಎಳೆದು ನೋಡಿ. ಕಪ್ಪು ಪಟ್ಟಿಯ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಕೋನ ಕಡಿಮೆಯಾಯಿತು, ತುದಿಯಲ್ಲಿ ಮಾತ್ರ ಹೋಗಿದ್ದರೆ ಹೆಚ್ಚಾಯಿತು. ಒಂದು ಬದಿ ಮಸೆಯುತ್ತ, ಇನ್ನೊಂದು ಬದಿಗೆ ಮಗುಚಿಕೊಂಡ ಸಣ್ಣ ಲೋಹದ ಅಂಚು ಬುಡದಿಂದ ಮೊನೆಯವರೆಗೆ ಬೆರಳಿಗೆ ತಾಗುವ ತನಕ ಬದಿ ಬದಲಿಸಬೇಡಿ. ಅರ್ಧಕ್ಕೇ ಬದಿ ಬದಲಿಸುವುದರಿಂದಲೇ ಎಷ್ಟು ಮಸೆದರೂ ಹರಿತ ಬರುವುದಿಲ್ಲ.

ಪಿವಟ್ ಸ್ಕ್ರೂ ಸಾಮಾನ್ಯವಾಗಿ ಟಿ8, ಕ್ಲಿಪ್ಪಿನದು ಟಿ6; ಇವು ನಕ್ಷತ್ರದ ತಲೆಯ ಟಾರ್ಕ್ಸ್ ಸ್ಕ್ರೂಗಳ ಅಳತೆ. ಪಿವಟ್ ಬಿಗಿ ಮಾಡುವಾಗ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸಬೇಡಿ. ಅಲ್ಲಾಟ ನಿಲ್ಲುವಷ್ಟು ಬಿಗಿ ಮಾಡಿದರೆ ಅಲಗು ತೆರೆಯಲು ಬಿರುಸಾಗುತ್ತದೆ ಅಂದರೆ ವಾಷರ್‌ನಲ್ಲಿ ಕೊಳೆ ಸೇರಿದೆ. ಬಿಚ್ಚಿ, ಒರೆಸಿ, ಒಂದೇ ಹನಿ ಎಣ್ಣೆ ಬಿಟ್ಟು ಜೋಡಿಸಿ. ಅಡುಗೆ ಎಣ್ಣೆ ಕೆಲವೇ ವಾರದಲ್ಲಿ ಅಂಟಾಗುತ್ತದೆ, ಮಿನರಲ್ ಆಯಿಲ್ ಆಗಬೇಕು. ಹೆಚ್ಚು ಎಣ್ಣೆ ಬಿಟ್ಟರೆ ಜೇಬಿನ ನೂಲಿನ ಧೂಳನ್ನೆಲ್ಲ ಅದೇ ಹಿಡಿದಿಟ್ಟುಕೊಳ್ಳುತ್ತದೆ. ತಾನಾಗಿ ಸಡಿಲವಾಗುವ ಸ್ಕ್ರೂವಿನ ಸುರುಳಿಗೆರೆಗಳಿಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಸೂಜಿತುದಿಯಷ್ಟು ಹಚ್ಚಿದರೆ ಸಾಕು. ಕೆಂಪು ಬಣ್ಣದ್ದು ಹಚ್ಚಿದರೆ ಮುಂದೆ ಬಿಚ್ಚುವಾಗ ಸ್ಕ್ರೂವಿನ ತಲೆಯೇ ಸವೆದುಹೋಗುತ್ತದೆ.