ಗ್ಲಾಸಿಗೆ ಅಂಟಿದ ಕೆಮ್ಮಣ್ಣು

ಶಿವಮೊಗ್ಗದಲ್ಲಿ ಫ್ರೇಮ್ ಹಾಕುವ ಕೆಲಸ ನನ್ನದು. ದೇವರ ಫೋಟೋ, ಮದುವೆ ಫೋಟೋ, ಸನ್ಮಾನ ಪತ್ರಗಳೇ ಜಾಸ್ತಿ. ಕಲಾವಿದರ ಕೆಲಸ ಬಂದರೆ ನನಗೆ ಹಬ್ಬ.

ಸಾಗರದ ಕಡೆಯ ಕಲಾವಿದೆಯೊಬ್ಬರು ಎಂಟು ವರ್ಷದಿಂದ ಬರುತ್ತಾರೆ. ಮೊದಲೆಲ್ಲ ಕ್ಯಾನ್ವಾಸ್ ಮೇಲೆ ತೋಟ, ಗದ್ದೆ ಬಿಡಿಸುತ್ತಿದ್ದರು. ಆಮೇಲೆ ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರಿಂದ, ಅವರು ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಕಲಿತರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಲ್ಲಿಂದ ಅವರ ಕೆಲಸದಲ್ಲಿ ಮಣ್ಣು ದಪ್ಪವಾಗುತ್ತಾ ಬಂತು. ಒಂದು ವರ್ಷ ಹಲಗೆಯಿಂದ ಬೆರಳಷ್ಟು ಮೇಲೆದ್ದಿತ್ತು. ನಡುವೆ ಹೆಂಚಿನ ಚೂರು, ಅಡಿಕೆ ಹಾಳೆ.

ಹೋದ ಜೂನ್‌ನಲ್ಲಿ ಪ್ರದರ್ಶನಕ್ಕೆ ಅಂತ ಮೂರು ತಂದರು. ನಾನು ಅವಸರದಲ್ಲಿದ್ದೆ. ಹಳೆಯ ಅಳತೆಯಲ್ಲೇ ಗ್ಲಾಸ್ ಒತ್ತಿ, ಹಿಂದೆ ಮೊಳೆ ಹೊಡೆದುಬಿಟ್ಟೆ. ಬಿಟ್ಟೂ ಬಿಡದ ಮಳೆ. ನಾಲ್ಕು ದಿನಕ್ಕೆ ಗ್ಲಾಸಿನ ಒಳಗೆ ಬೆವರು. ಮೊಳೆ ಕಿತ್ತು ಗ್ಲಾಸ್ ಎತ್ತಿದೆ. ಉಗುರಗಲದ ಮಣ್ಣು ಗ್ಲಾಸಿನ ಜೊತೆಗೇ ಬಂತು. ಅದರ ಮೇಲೆ ಕೂದಲೆಳೆಯಂಥ ಒಂದು ಬಿಳಿ ಗೆರೆ, ಸ್ವಲ್ಪವೂ ಅಲುಗದೆ ಹಾಗೇ ಇತ್ತು. ನನ್ನ ಕೈ ನಡುಗಿತು.

ಅವರು ಬೈಯಲಿಲ್ಲ. "ಇದನ್ನೂ ಚಿತ್ರ ಅಂದ್ಕೊಂಡ್ರಿ ಅಲ್ವಾ ಅಣ್ಣ?" ಅಂದರು, ಅಷ್ಟೇ.

ಹೌದು, ಅವರ ಹಳೆಯ ಚಪ್ಪಟೆ ಚಿತ್ರಗಳಿಗೆ ಹಾಕುವ ಫ್ರೇಮನ್ನೇ ನಾನು ಇದಕ್ಕೂ ಹಾಕಿದ್ದೆ. ಅವತ್ತೇ ಅವರು ಕಲಾವಿದ ಎಸ್.ಜಿ. ವಾಸುದೇವ್ ಬಗ್ಗೆ ಹೇಳಿದರು. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, 1966ರಲ್ಲಿ ಮದ್ರಾಸಿನ ಹತ್ತಿರ ಚೋಳಮಂಡಲ ಕಲಾಗ್ರಾಮ ಕಟ್ಟಿದವರಲ್ಲೊಬ್ಬರು. ಕ್ಯಾನ್ವಾಸಿನಿಂದ ತಾಮ್ರದ ತಗಡಿನ ಉಬ್ಬುಚಿತ್ರಕ್ಕೆ ಬಂದರು, ನೇಕಾರರ ಜೊತೆ ಕೂತು ರೇಷ್ಮೆಯಲ್ಲೂ ಕೆಲಸ ಮಾಡಿದರು. ಅವರ ಕೆಲಸದಲ್ಲಿ ಮರದ ಚಿತ್ರ ಮತ್ತೆ ಮತ್ತೆ ಬರುತ್ತದಂತೆ. ಕಲಾವಿದರ ಹೆಸರು ಒಂದೇ ಇರಬಹುದು, ಆದರೆ ನನ್ನ ಟೇಬಲ್ ಮೇಲೆ ಕ್ಯಾನ್ವಾಸ್, ತಾಮ್ರ, ರೇಷ್ಮೆ ಮೂರೂ ಬೇರೆ ಬೇರೆ ಕೆಲಸ.

ಈಗ ಉದ್ದ ಅಗಲಕ್ಕಿಂತ ಮೊದಲು ಎತ್ತರ ಅಳೆಯುತ್ತೇನೆ. ಎಲ್ಲಕ್ಕಿಂತ ಮೇಲೆದ್ದ ಜಾಗದಿಂದ ಅರ್ಧ ಇಂಚು ಜಾಸ್ತಿ ಆಳ ಬಿಟ್ಟು ಪೆಟ್ಟಿಗೆಯಂಥ ಫ್ರೇಮ್ ಮಾಡುತ್ತೇನೆ. ಅಂಚಿಗೆ ಮರದ ಪಟ್ಟಿ ಕೊಟ್ಟು ಗ್ಲಾಸನ್ನು ದೂರ ಇಡುತ್ತೇನೆ. ಬರೀ ಕಾಗದದ ಚಿತ್ರವಾದರೂ ಸುತ್ತ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು, ಇಡದೆ ಗ್ಲಾಸ್ ಹಾಕುವುದಿಲ್ಲ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಗ್ಲಾಸ್ ಚಿತ್ರಕ್ಕೆ ತಾಗಿದರೆ ಸಾಕು.

ಮೊನ್ನೆ ಅವರು ಮತ್ತೆ ಬಂದಿದ್ದರು. ಈ ಸಲ ಹಲಗೆಯೇ ಇಲ್ಲ. ಸುಟ್ಟ ಮಣ್ಣಿನದು, ಮೊಣಕಾಲೆತ್ತರ, ನಿಂತಿದೆ. ಹಿಂದೆ ಮುಂದೆ ಎಲ್ಲ ಕಡೆ ಅದೇ ಬಿಳಿ ಗೆರೆ. ಫ್ರೇಮ್ ಬೇಡ, ಕೂರಿಸಲು ಒಂದು ಮಣೆ ಬೇಕಂತೆ. ಎರಡು ದಿನದಿಂದ ಒಳ್ಳೆ ಹಲಸಿನ ಹಲಗೆ ಹುಡುಕುತ್ತಿದ್ದೇನೆ.