ಒಂದೇ ಫೈಲ್, ಎರಡು ಎಡಿಟರ್

ಮಾರ್ಚ್ 12, 2025, ಬುಧವಾರ

ಕೋಡ್ ಬರೆಯುವ ತಂತ್ರಾಂಶ ಇಂಟೆಲಿಜೆಯಲ್ಲಿ ತೆರೆದಿರುವ ಫೈಲನ್ನು ಒಂದೇ ಶಾರ್ಟ್‌ಕಟ್‌ನಲ್ಲಿ ವಿಮ್ ಎಂಬ ಇನ್ನೊಂದು ಎಡಿಟರ್‌ಗೆ ಕಳಿಸುವ ಏರ್ಪಾಡು ಇವತ್ತು ಮುಗಿಯಿತು. ಸೆಟ್ಟಿಂಗ್ಸ್‌ನಲ್ಲಿ ಟೂಲ್ಸ್, ಅದರೊಳಗೆ ಎಕ್ಸ್‌ಟರ್ನಲ್ ಟೂಲ್ಸ್. ಪ್ರೋಗ್ರಾಂ ಅನ್ನುವ ಕಡೆ ಜಿವಿಮ್ (ತನ್ನದೇ ಕಿಟಕಿಯಲ್ಲಿ ತೆರೆಯುವ ವಿಮ್), ಆರ್ಗ್ಯುಮೆಂಟ್ಸ್ ಜಾಗದಲ್ಲಿ ಫೈಲ್‌ಪಾತ್ ಮ್ಯಾಕ್ರೊ, ಅಂದರೆ ತೆರೆದ ಫೈಲಿನ ವಿಳಾಸ ತಾನಾಗಿ ತುಂಬಿಕೊಳ್ಳುವ ಪದ. ಮ್ಯಾಕ್ರೊ ಹೆಸರಿನ ಎರಡೂ ಬದಿಗೆ ಡಾಲರ್ ಚಿಹ್ನೆ ಬೇಕು. ಫೋಲ್ಡರ್ ಹೆಸರಲ್ಲಿ ಸ್ಪೇಸ್ ಇದ್ದರೆ ಸುತ್ತ ಕೋಟ್ಸ್ ಕೂಡ.

ಆದರೆ ಫೈಲ್ ತೆರೆದರಷ್ಟೇ ಸಾಲದು. ಕರ್ಸರ್ 800ನೇ ಸಾಲಿನಲ್ಲಿದ್ದಾಗ ವಿಮ್ ಮೊದಲ ಸಾಲಿಗೆ ಹೋಗಿ ಕೂತರೆ ಏನು ಬಂತು? ಅದಕ್ಕೇ ಪ್ಲಸ್ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಲೈನ್‌ನಂಬರ್ ಮ್ಯಾಕ್ರೊ. ಒಂದೊಂದು ಎಡಿಟರ್‌ಗೆ ಒಂದೊಂದು ಹಠ: ವಿಎಸ್ ಕೋಡ್‌ಗೆ ಮೈನಸ್ ಜಿ ಕೊಟ್ಟು ಫೈಲ್ ಹೆಸರಿನ ನಂತರ ಕೋಲನ್ ಹಾಕಿ ಸಾಲಿನ ಸಂಖ್ಯೆ ಬರೆಯಬೇಕು, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಮೈನಸ್ ಎನ್. ಜಿವಿಮ್‌ಗೆ ರಿಮೋಟ್-ಸೈಲೆಂಟ್ ಆಯ್ಕೆಯನ್ನೂ ಸೇರಿಸಿದೆ. ಇಲ್ಲದಿದ್ದರೆ ಪ್ರತಿ ಸಲವೂ ಹೊಸ ಕಿಟಕಿ, ತಲೆನೋವು.

ಇಂಟೆಲಿಜೆಯೊಳಗೇ ವಿಮ್ ಶೈಲಿಯಲ್ಲಿ ತಿದ್ದಲು ಐಡಿಯಾವಿಮ್ ಪ್ಲಗಿನ್ ಇದೆಯಲ್ವಾ ಅನ್ನಬಹುದು. ಇದೆ, ಚೆನ್ನಾಗಿಯೂ ಇದೆ. ಆದರೆ ವಿಮ್‌ಗೆಂದು ಕೂಡಿಟ್ಟ ನನ್ನ ಪ್ಲಗಿನ್‌ಗಳು ಅದರಲ್ಲಿ ಓಡುವುದಿಲ್ಲ.

ನಿಜವಾದ ತೊಡಕು ಇರುವುದು ವಾಪಸ್ ಬರುವಾಗ. ಫೈಲ್ ಡಿಸ್ಕ್‌ನಲ್ಲಿ ಒಂದೇ, ಮೆಮೊರಿಯಲ್ಲಿ ಮಾತ್ರ ಎರಡು ಪ್ರತಿ. ಕಿಟಕಿಗೆ ಮರಳಿದಾಗ ಹೊರಗಿನ ಬದಲಾವಣೆ ಓದಿಕೊಳ್ಳುವ ಆಯ್ಕೆ ಇಂಟೆಲಿಜೆಯಲ್ಲಿದೆ, ಅದನ್ನು ಆನ್ ಇಟ್ಟಿದ್ದೇನೆ. ವಿಮ್‌ನಲ್ಲಿ ಅದೇ ಕೆಲಸಕ್ಕೆ ಆಟೊರೀಡ್. ಎರಡೂ ಕಡೆ ತಿದ್ದಿದ್ದರೆ ವಿಮ್ ಡಬ್ಲ್ಯು12 ಎಂಬ ಎಚ್ಚರಿಕೆ ಕೊಡುತ್ತದೆ. ಅದು ಬಂದಾಗ ಸುಮ್ನೆ ಎಂಟರ್ ಒತ್ತಬಾರದು, ಓದಬೇಕು. ಆಚೆಗೆ ಹೋಗುವ ಮೊದಲು ಸೇವ್ ಮಾಡಿದರೆ ಈ ರಗಳೆ ಬಹುಪಾಲು ತಪ್ಪುತ್ತದೆ.

ಇನ್ನೊಂದು ಸೂಕ್ಷ್ಮ. ಸೇವ್ ಮಾಡುವಾಗ ವಿಮ್ ಕೆಲವೊಮ್ಮೆ ಹಳೆಯ ಫೈಲಿನ ಹೆಸರು ಬದಲಿಸಿ, ಅದರ ಜಾಗದಲ್ಲಿ ಹೊಸದನ್ನೇ ಬರೆಯುತ್ತದೆ. ನೋಡುವವರಿಗೆ ಅದೇ ಫೈಲ್, ಆದರೆ ಲಿನಕ್ಸ್‌ನಲ್ಲಿ ಐನೋಡ್ (ಡಿಸ್ಕ್‌ನಲ್ಲಿ ಫೈಲಿನ ಗುರುತಿನ ಸಂಖ್ಯೆ) ಬೇರೆ. ಆ ಒಂದು ಫೈಲನ್ನೇ ಕಾಯುತ್ತಾ ಕೂತ, ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಬಿಲ್ಡ್ ಟೂಲ್‌ಗೆ ಬದಲಾವಣೆ ಗೊತ್ತಾಗದೇ ಹೋಗಬಹುದು. ವಿಮ್‌ನ ಬ್ಯಾಕಪ್‌ಕಾಪಿ ಆಯ್ಕೆಯನ್ನು ಯೆಸ್ ಅಂತ ಇಟ್ಟರೆ ಇದ್ದ ಫೈಲಿನ ಮೇಲೇ ಬರೆಯುತ್ತದೆ.

ಕೋಡ್‌ನೊಳಗಿನ ಹೆಸರು ಬದಲಿಸುವ, ಮೆಥಡ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಬೇರೆಡೆ ಸಾಗಿಸುವ ಕೆಲಸವನ್ನು ಮಾತ್ರ ವಿಮ್‌ಗೆ ಕೊಡುವುದಿಲ್ಲ. ಯಾವ ಹೆಸರು ಎಲ್ಲೆಲ್ಲಿ ಬಳಕೆಯಲ್ಲಿದೆ ಅನ್ನುವುದು ಇಂಟೆಲಿಜೆಗೇ ಜಾಸ್ತಿ ಗೊತ್ತು. ನೂರಾರು ಸಾಲಿನ ಡೇಟಾ ಒಪ್ಪ ಮಾಡಬೇಕಾದಾಗ ಶಾರ್ಟ್‌ಕಟ್ ಒತ್ತುತ್ತೇನೆ. ಇನ್ನು ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಕಮಿಟ್ ಸಂದೇಶಕ್ಕೂ ಜಿವಿಮ್ ಹೊಂದಿಸಬೇಕು. ಅಲ್ಲಿ ಮೈನಸ್ ಎಫ್ ಬೇಕೇ ಬೇಕು, ಇಲ್ಲದಿದ್ದರೆ ನಾನು ಬರೆದು ಮುಗಿಸುವವರೆಗೆ ಗಿಟ್ ಕಾಯುವುದಿಲ್ಲ.