ಅಕ್ಕತಂಗಿಯರ ಸಸ್ಯಶಾಸ್ತ್ರ

ಇಂಗ್ಲೆಂಡಿನ ಲೇಖಕಿ ಪ್ರಿಸಿಲ್ಲಾ ವೇಕ್‌ಫೀಲ್ಡ್ ಅವರ 1796ರ ಸಸ್ಯಶಾಸ್ತ್ರದ ಪುಸ್ತಕ ಓದುತ್ತಿದ್ದೇನೆ. ಹೆಸರಿಗೆ ಪಾಠಪುಸ್ತಕ, ಒಳಗೆ ಇಬ್ಬರು ಅಕ್ಕತಂಗಿಯರ ಪತ್ರಗಳು. ಕಾನ್‌ಸ್ಟೆನ್ಸ್ ದೂರ ಹೋಗಿದ್ದಾಳೆ, ಫೆಲೀಷಿಯಾಗೆ ಬೇಜಾರು. ಅದನ್ನು ಮರೆಯಲು ಗಿಡಮರ ನೋಡುತ್ತಾ ಹೋಗುತ್ತಾಳೆ, ಕಲಿತದ್ದನ್ನೆಲ್ಲ ಬರೆದು ಕಳಿಸುತ್ತಾಳೆ. ಬೇರು, ಎಲೆ, ಬೀಜ ಮುಗಿದ ಮೇಲೆ ಬರುವುದು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ವಿಧಾನ: ಹೂವಿನ ಕೇಸರ ಎಣಿಸಿ ಗಿಡದ ಗುಂಪು ಹಿಡಿಯುವುದು. ಇದನ್ನು ಮಕ್ಕಳಿಗೆ ಒಂದೇ ಸಲ ಹೇಳಿದರೆ ಓಡಿಹೋಗುತ್ತಾರೆ. ಪತ್ರವಾದರೆ ಸ್ವಲ್ಪ ಸ್ವಲ್ಪವೇ ಒಳಗಿಳಿಯುತ್ತದೆ, ಅಲ್ವಾ?

ಪ್ರಿಸಿಲ್ಲಾ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಕತೆ ಕಾದಂಬರಿ ಅಂದರೆ ಆ ಪಂಥದವರಿಗೆ ಆಗ ಅಷ್ಟಕ್ಕಷ್ಟೇ. ಹಾಗಾಗಿ ಇವರ ಕತೆ ಸುಮ್ನೆ ಕೂರುವುದಿಲ್ಲ, ಏನಾದರೂ ಕಲಿಸುತ್ತಲೇ ಇರುತ್ತದೆ. ಕೆಲವು ಕಡೆ ಉಪದೇಶ ಜಾಸ್ತಿಯೇ ಆಯ್ತು ಅನ್ನಿಸಿತು. ಆದರೆ ಹುಡುಗಿಯೊಬ್ಬಳು ಇನ್ನೊಬ್ಬಳಿಗೆ ವಿಜ್ಞಾನ ಕಲಿಸುತ್ತಾಳೆ, ಅದೂ ಆ ಕಾಲದಲ್ಲಿ! ಅದು ನನಗೆ ತುಂಬಾ ಹಿಡಿಸಿತು.

ಇದೇ ಮಹಿಳೆ 1798ರಲ್ಲಿ ಲಂಡನ್ ಹತ್ತಿರದ ಟಾಟನ್‌ಹ್ಯಾಮ್‌ನಲ್ಲಿ ಹೆಂಗಸರು, ಮಕ್ಕಳಿಗಾಗಿ ಉಳಿತಾಯದ ಸಂಘವನ್ನೂ ಕಟ್ಟಿದರು. ಜೈಲು ಸುಧಾರಣೆಗೆ ಹೆಸರಾದ ಎಲಿಜಬೆತ್ ಫ್ರೈಗೆ ಇವರು ಚಿಕ್ಕಮ್ಮನೋ ದೊಡ್ಡಮ್ಮನೋ ಆಗಬೇಕು, ತಾಯಿಯ ಒಡಹುಟ್ಟಿದವರು.